ಬೆಟ್ಟದ ಹಾದಿ ಕಟ್ಟುವ ಬಗೆ

ಚಾಮುಂಡಿ ಬೆಟ್ಟವನ್ನು ಮೆಟ್ಟಿಲ ಮೇಲೆ ಹತ್ತಿದವರು ನಿಮ್ಮಲ್ಲಿ ಅನೇಕರಿರಬಹುದು. ಆ ಸಾವಿರ ಮೆಟ್ಟಿಲುಗಳು 1659ರಿಂದ 1673ರವರೆಗೆ ಆಳಿದ ದೊಡ್ಡದೇವರಾಜ ಒಡೆಯರ ಕಾಲದವು. ಅಲ್ಲಲ್ಲಿ ದುರಸ್ತಿ ಕಂಡಿದ್ದರೂ ಇಂದಿಗೂ ಜನರನ್ನು ಮೇಲಕ್ಕೆ ಒಯ್ಯುತ್ತಿವೆ. ಆದರೆ ಯಾರೂ ಕಟ್ಟದೆ, ನಡೆದು ನಡೆದೇ ಆದ ಎಷ್ಟೋ ಕಾಲುದಾರಿಗಳು ಕೆಲವೇ ಮಳೆಗಾಲಗಳಲ್ಲಿ ಆಳುದ್ದ ಕೊರಕಲಾಗಿಬಿಡುತ್ತವೆ. ಈ ಅಂತರಕ್ಕೆ ಕಾರಣವೇನು?

ದಾರಿಯನ್ನು ಸವೆಸುವುದು ಕಾಲು ಎಂದು ನಾವು ತಿಳಿದಿದ್ದೇವೆ. ಅದು ಅರ್ಧ ಸತ್ಯ. ಕಾಲು ಹುಲ್ಲನ್ನು ತುಳಿದು ಮಣ್ಣನ್ನು ಸಡಿಲಿಸುತ್ತದೆ. ಅದನ್ನು ಹೊತ್ತೊಯ್ಯುವುದು ನೀರು. ಬೆಟ್ಟವನ್ನು ನೆಟ್ಟಗೆ ಏರುವ ದಾರಿ ಮಳೆ ಬಿದ್ದೊಡನೆ ಕಾಲುವೆಯಾಗುತ್ತದೆ. ದಾರಿ ಕೆಸರಾದಾಗ ನಾವೇನು ಮಾಡುತ್ತೇವೆ? ಕಾಲು ಕೊಳೆಯಾದೀತೆಂದು ಪಕ್ಕದ ಹುಲ್ಲಿನ ಮೇಲೆ ಹೆಜ್ಜೆಯಿಡುತ್ತೇವೆ. ಮುಂದಿನ ವರ್ಷ ಅಲ್ಲಿಯೂ ಕೆಸರು. ಹೀಗೆ ಒಂದು ದಾರಿ ಮೂರಾಗಿ, ಗುಡ್ಡದ ಮೈಯೇ ಕಿತ್ತುಹೋಗುತ್ತದೆ.

ಆದ್ದರಿಂದ ಹಾದಿ ಕಟ್ಟುವವನು ಮೊದಲು ನೀರಿನ ದಾರಿಯನ್ನು ನೋಡುತ್ತಾನೆ. ಹಾದಿಯನ್ನು ನೆಟ್ಟಗೆ ಏರಿಸದೆ, ಗುಡ್ಡದ ಪಕ್ಕಕ್ಕೆ ಓರೆಯಾಗಿ, ಗೋಡೆಗೆ ಹಲಗೆ ಹೊಡೆದಂತೆ ಕಡಿಯುತ್ತಾನೆ. ನೂರು ಅಡಿ ನಡೆದರೆ ಸುಮಾರು ಹತ್ತು ಅಡಿ ಏರಬೇಕು; ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಹಾದಿಯ ಇಳಿಜಾರು ಹೆಚ್ಚಿರಬಾರದು. ಹಾದಿಯ ಹೊರ ಅಂಚು ಒಳ ಅಂಚಿಗಿಂತ ತುಸು ತಗ್ಗಾಗಿರಬೇಕು. ಆಗ ಮೇಲಿನಿಂದ ಬಂದ ನೀರು ಹಾದಿಯನ್ನು ಅಡ್ಡ ದಾಟಿ ಕೆಳಗಿಳಿಯುವುದೇ ಹೊರತು ಹಾದಿಯುದ್ದಕ್ಕೂ ಓಡದು. ಏರುವ ಹಾದಿಯನ್ನು ಅಲ್ಲಲ್ಲಿ ನಾಲ್ಕು ಹೆಜ್ಜೆ ಇಳಿಸಿ ಮತ್ತೆ ಏರಿಸುವುದೂ ಉಂಟು. ಆ ತಗ್ಗಿನಲ್ಲಿ ನೀರು ಹೊರಬೀಳುತ್ತದೆ.

ಇನ್ನು ತಿರುವುಗಳು. ತಿರುವಿನಲ್ಲಿ ಮೇಲಿನ ಹಾದಿಯಿಂದ ಕೆಳಗಿನದು ಕಂಡರೆ ಅಡ್ಡ ಹಾಯುವ ಆಸೆ ಯಾರಿಗಿಲ್ಲ? ಅದಕ್ಕಾಗಿ ಬಂಡೆಯೋ ಪೊದೆಯೋ ಇರುವ ಕಡೆ ತಿರುವು ಇಡುತ್ತಾರೆ. ಫಲಕ ಹಾಕಿ ಬೇಡವೆನ್ನುವುದಕ್ಕಿಂತ ಇದು ಮೇಲು.

ಕಡಿದಾದ ಕಡೆ ಕಲ್ಲಿನ ಮೆಟ್ಟಿಲೇ ಗತಿ. ಈ ವಿದ್ಯೆಯನ್ನು ಕಲಿಯಲು ನಾರ್ವೆ ದೇಶ ಕಣ್ಣು ಹಾಯಿಸಿದ್ದು ನೇಪಾಳದ ಕಡೆಗೆ. ಬೆನ್ನ ಮೇಲೆ ಹೊರೆ ಹೊತ್ತು ನಡೆಯುವ ಊರುಗಳ ಶೆರ್ಪಾ ಜನರು ಅಲ್ಲಿಗೆ ಹೋಗಿ, ಈ ಶತಮಾನದ ಆರಂಭದಿಂದ ಅನೇಕ ಹಾದಿಗಳನ್ನು ಕಟ್ಟಿದ್ದಾರೆ. ಕಡಲ ಚಾಚಿನಿಂದ 604 ಮೀಟರ್ ಎತ್ತರದಲ್ಲಿರುವ ಪ್ರೈಕೆಸ್ಟೋಲೆನ್ ಬಂಡೆಯ ಹಾದಿಯನ್ನು ಅವರು ಸರಿಪಡಿಸಿದರು. ಟ್ರೋಮ್ಸೋ ಪಟ್ಟಣದ ಬಳಿಯ ಬೆಟ್ಟಕ್ಕೆ ಅವರು ಹಾಸಿದ ಸುಮಾರು 1200 ಮೆಟ್ಟಿಲುಗಳಿಗೆ ಜನ ಶೆರ್ಪಾ ಮೆಟ್ಟಿಲು ಎಂದೇ ಹೆಸರಿಟ್ಟಿದ್ದಾರೆ. ಇಂಥ ಕೆಲಸ ಕೆಳಗಿನಿಂದ ಮೇಲಕ್ಕೆ ಸಾಗುತ್ತದೆ. ಮೇಲಿನ ಕಲ್ಲು ಕೆಳಗಿನ ಕಲ್ಲಿನ ಹಿಂಬದಿಯ ಮೇಲೆ ಕೂರಬೇಕು. ಅಲುಗಿದರೆ ಚಕ್ಕೆ ತುಂಬಿ ಬಿಗಿಯಬೇಕು. ಗಾರೆಯ ಹಂಗಿಲ್ಲ. ಕಲ್ಲಿನ ತೂಕವೇ ಕಲ್ಲನ್ನು ಹಿಡಿಯುತ್ತದೆ. ಇಕ್ಕೆಲದಲ್ಲೂ ಒರಟು ಬಂಡೆ ಜೋಡಿಸಿದರೆ ನಡೆಯುವವನಿಗೆ ಮೆಟ್ಟಿಲೇ ಹಿತವೆನಿಸುತ್ತದೆ.

ಇಷ್ಟೆಲ್ಲ ಮಾಡಿದರೂ ಕೆಲಸ ಮುಗಿಯಲಿಲ್ಲ. ಪ್ರತಿ ಮಳೆಗಾಲಕ್ಕೆ ಮುಂಚೆ ಒಬ್ಬನು ಗುದ್ದಲಿ ಹಿಡಿದು, ನೀರು ಹೊರಬೀಳುವ ತಗ್ಗುಗಳಲ್ಲಿ ತುಂಬಿದ ಮಣ್ಣು, ತರಗೆಲೆ ತೆಗೆಯಬೇಕು. ಅರ್ಧ ದಿನದ ಈ ಕೆಲಸ ತಪ್ಪಿದರೆ ವರ್ಷಗಳ ದುಡಿಮೆ ಕೊಚ್ಚಿಹೋದೀತು.

ನಮ್ಮ ಕೈಯಲ್ಲಿ ಗುದ್ದಲಿ ಇಲ್ಲದಿರಬಹುದು, ಕಾಲಂತೂ ನಮ್ಮದೇ. ಮುಂದಿನ ಸಲ ಬೆಟ್ಟಕ್ಕೆ ಹೋದಾಗ ಹಾದಿಯಲ್ಲಿ ಕೆಸರು ಕಂಡರೆ, ಪಕ್ಕಕ್ಕೆ ಸರಿಯದೆ ನಡುವೆಯೇ ನಡೆಯಿರಿ. ಮನೆಗೆ ಬಂದು ಕಾಲು ತೊಳೆದುಕೊಂಡರಾಯಿತು.