ಅಳೆಯುವ ಕೊಳಗ ಸರಿಯಿರಲಿ

(ಬೆಂಗಳೂರಿನ ಜಯನಗರದಲ್ಲಿ ಸೇರಿದ್ದ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಾನು ಸಾಗರದ ಕಡೆಯವನು. ರಾತ್ರಿ ಬಸ್ಸಿನಲ್ಲಿ ಹೊರಟು ಬಂದಿದ್ದೇನೆ. ನಿಮ್ಮಲ್ಲಿ ಬಹಳ ಮಂದಿ ನನ್ನ ಹಾಗೆಯೇ ಹೊರಗಿನಿಂದ ಬಂದವರು. ಬಿ.ಟಿ.ಎಂ. ಬಡಾವಣೆಯಲ್ಲೋ ಬನಶಂಕರಿಯಲ್ಲೋ ಒಂದು ಕೋಣೆಗೆ ನಾಲ್ವರಂತೆ ಇದ್ದು, ಹಗಲು ದುಡಿದು ರಾತ್ರಿ ಓದುತ್ತಿದ್ದೀರಿ. ಕಾನೂನು ಓದಬೇಕೆಂದಿದ್ದೇವೆ, ದಾರಿ ಯಾವುದು ಎಂದು ಕೇಳಿ ನನ್ನನ್ನು ಕರೆಸಿದ್ದೀರಿ. ದಾರಿಯನ್ನೂ ಹೇಳುತ್ತೇನೆ, ಆ ದಾರಿಗೆ ಹಾಕಿರುವ ಬೇಲಿಯನ್ನೂ ಹೇಳುತ್ತೇನೆ.

ಮೊದಲು ದಾರಿ. ಪದವಿ ಮುಗಿಸಿದವರಿಗೆ ಮೂರು ವರ್ಷದ ಓದು, ಪಿ.ಯು.ಸಿ. ಮುಗಿಸಿದವರಿಗೆ ಐದು ವರ್ಷದ ಓದು. ವಕೀಲರ ಪರಿಷತ್ತಿನ 2008ರ ನಿಯಮದಂತೆ ಸಾಮಾನ್ಯರಿಗೆ ಶೇಕಡ 45, ಪರಿಶಿಷ್ಟರಿಗೆ ಶೇಕಡ 40 ಅಂಕ ಇರಬೇಕು. 1948ರಲ್ಲಿ ಸರ್ಕಾರಿ ಕಾಲೇಜಾಗಿ ಹುಟ್ಟಿದ ವಿಶ್ವವಿದ್ಯಾಲಯ ಕಾನೂನು ಕಾಲೇಜು ಈಗ ಜ್ಞಾನಭಾರತಿಯಲ್ಲಿದೆ. 2009ರಲ್ಲಿ ಸ್ಥಾಪನೆಯಾದ ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳು ಈ ಊರಿನಲ್ಲಿಯೂ ಇವೆ, ಜಿಲ್ಲೆಗಳಲ್ಲಿಯೂ ಇವೆ. ಇವಕ್ಕೆ ಕ್ಲಾಟ್ ಪರೀಕ್ಷೆ ಬೇಡ. ಹುಬ್ಬಳ್ಳಿ ವಿಶ್ವವಿದ್ಯಾಲಯದ ಪರೀಕ್ಷೆಗಳಿಗೆ ಇಂಗ್ಲಿಷಿನಲ್ಲಾದರೂ ಕನ್ನಡದಲ್ಲಾದರೂ ಉತ್ತರ ಬರೆಯಬಹುದು. ಕನ್ನಡದಲ್ಲಿ ಬರೆದವನು ಕೀಳಲ್ಲ ಎಂದು ವಿಶ್ವವಿದ್ಯಾಲಯವೇ ಒಪ್ಪಿದೆ ಎಂಬುದನ್ನು ನೆನಪಿನಲ್ಲಿಡಿ.

ಇನ್ನೊಂದು ಬಾಗಿಲಿದೆ. ಬನಶಂಕರಿಯಿಂದ ಹೊರವರ್ತುಲ ರಸ್ತೆ ಹಿಡಿದು ನಾಯಂಡಹಳ್ಳಿ ದಾಟಿದರೆ ನಾಗರಭಾವಿ. ಅಲ್ಲಿದೆ ರಾಷ್ಟ್ರೀಯ ಕಾನೂನು ಶಾಲೆ. ಅದಕ್ಕೆ ಜನ್ಮ ಕೊಟ್ಟದ್ದು ಕರ್ನಾಟಕದ ಶಾಸನಸಭೆ 1986ರಲ್ಲಿ ಮಾಡಿದ ಕಾನೂನು. 1988ರಲ್ಲಿ ಪಾಠ ಆರಂಭವಾಯಿತು. ಐದು ವರ್ಷದ ಓದಿಗೆ ಇಡೀ ದೇಶಕ್ಕೆ ಮಾದರಿಯಾಯಿತು. ಇದು ನಮಗೆ ಹೆಮ್ಮೆಯ ಮಾತು. ಆದರೆ ಆ ಬಾಗಿಲಲ್ಲಿ ನಿಂತಿರುವ ಕಾವಲುಗಾರ ಯಾರು?

2020ರಲ್ಲಿ ನಮ್ಮ ಶಾಸನಸಭೆ ಒಂದು ತಿದ್ದುಪಡಿ ತಂದಿತು. ಕರ್ನಾಟಕದಲ್ಲಿ ಹತ್ತು ವರ್ಷಕ್ಕೆ ಕಡಮೆಯಿಲ್ಲದೆ ಓದಿದವರಿಗೆ ಅಲ್ಲಿ ಶೇಕಡ 25 ಸ್ಥಾನ ಎಂದಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿತು. ಮುಂದೆ ಶಾಲೆಯೇ ತನ್ನ ಯೋಜನೆಯಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇಕಡ 25 ಇಟ್ಟುಕೊಂಡಿತು. ಒಳ್ಳೆಯದೇ ಆಯಿತು. ಆದರೆ ನಾನು ಕೇಳುವುದು, ಆ ನೂರಕ್ಕೆ ಇಪ್ಪತ್ತೈದು ಯಾವ ಕರ್ನಾಟಕಕ್ಕೆ?

ಪ್ರವೇಶ ಪರೀಕ್ಷೆ ಇರುವುದು ಇಂಗ್ಲಿಷಿನಲ್ಲಿ ಮಾತ್ರ. ಎರಡು ಗಂಟೆಯಲ್ಲಿ ಉದ್ದುದ್ದ ಇಂಗ್ಲಿಷ್ ಗದ್ಯಭಾಗಗಳನ್ನು ಓದಿ 120 ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಅರ್ಜಿಯ ಶುಲ್ಕವೇ 4000 ರೂಪಾಯಿ. ಪರಿಶಿಷ್ಟರಿಗೂ ಬಡತನದ ರೇಖೆಯ ಕೆಳಗಿನವರಿಗೂ 3500. ಅದರ ಮೇಲೆ ತರಬೇತಿಯ ವೆಚ್ಚ; ಸ್ಥಾನ ಸಿಕ್ಕರೆ ವರ್ಷಕ್ಕೆ ಲಕ್ಷಗಳ ಲೆಕ್ಕ. ಒಳಗೆ ಹೋದ ಬಡವರಿಗೆ ಸಹಾಯಧನದ ಏರ್ಪಾಡು ಇದೆ ನಿಜ; ಒಳಗೆ ಹೋದರಲ್ಲವೇ? ಜಯನಗರದಲ್ಲಿ ಇಂಗ್ಲಿಷ್ ಶಾಲೆಗೆ ಹೋಗಿ ತರಬೇತಿ ಪಡೆದ ಹುಡುಗನೂ ಕರ್ನಾಟಕದವನೇ, ಹೊಸನಗರದ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿದ ಹುಡುಗಿಯೂ ಕರ್ನಾಟಕದವಳೇ. ಇಬ್ಬರಿಗೂ ಒಂದೇ ಅಳತೆ. ಗೆಲ್ಲುವವನು ಯಾರೆಂದು ನಿಮಗೆ ಗೊತ್ತು.

ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತಾಗ ಅಳತೆಯದೂ ಒಂದು ದೊಡ್ಡ ಪ್ರಶ್ನೆಯಾಗಿತ್ತು. ಗೇಣಿ ಅಳೆಯುವ ಒಡೆಯರ ಕೊಳಗ ದೊಡ್ಡದಾಗಿತ್ತು. ಅಳೆಯುವ ಕೊಳಗ ಸರಿಯಿರಲಿ ಎಂದು ರೈತ ಕೇಳಿದ. ಇದೂ ಅಂಥ ಕೊಳಗವೇ. ಬುದ್ಧಿಯನ್ನು ಅಳೆಯುತ್ತೇವೆ ಎನ್ನುತ್ತಾರೆ. ಅಳೆಯುವುದು ತಂದೆಯ ಹಣವನ್ನು, ಮನೆಯ ಇಂಗ್ಲಿಷನ್ನು.

ಹೈಕೋರ್ಟು, ಸುಪ್ರೀಂ ಕೋರ್ಟು ನಡೆಯುವುದೇ ಇಂಗ್ಲಿಷಿನಲ್ಲಿ, ಇಂಗ್ಲಿಷ್ ಬಾರದವನು ವಕೀಲನಾಗಿ ಏನು ಮಾಡುತ್ತಾನೆ ಎನ್ನುವವರಿದ್ದಾರೆ. ಐದು ವರ್ಷ ಕೈಯಲ್ಲಿದೆಯಲ್ಲ, ಕಲಿಸಿ! ಕಲಿಯುವುದಿಲ್ಲ ಎಂದು ನಮ್ಮ ಮಕ್ಕಳು ಎಂದೂ ಹೇಳಿಲ್ಲ. ಇಂಗ್ಲಿಷು ಒಳಗೆ ಪಾಠವಾಗಿರಲಿ. ಹೊರಗೆ ಕಾವಲು ನಿಲ್ಲಕೂಡದು. ಡಾಕ್ಟರಾಗುವವರಿಗೆ ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ. ರೋಗಿಯ ಪ್ರಾಣ ಕಾಯುವವರಿಗೆ ಆಗುವುದು ಕಕ್ಷಿಗಾರನ ಜಮೀನು ಕಾಯುವವರಿಗೆ ಏಕಾಗದು?

ಆದ್ದರಿಂದ ನಮ್ಮ ಬೇಡಿಕೆಗಳು ಇವು. ಪ್ರವೇಶ ಪರೀಕ್ಷೆಯ ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ಬರಲಿ. ಕರ್ನಾಟಕದ ಪಾಲಿನ ಆ ಸ್ಥಾನಗಳಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಮೊದಲ ಲೆಕ್ಕ ಇರಲಿ. ತಾಲ್ಲೂಕಿನ ಸರ್ಕಾರಿ ಪಿ.ಯು. ಕಾಲೇಜುಗಳಲ್ಲಿ ಉಚಿತ ತರಬೇತಿ ನಡೆಯಲಿ. ಜ್ಞಾನಭಾರತಿಯ ಕಾಲೇಜು, ಜಿಲ್ಲೆಗಳ ಕಾಲೇಜುಗಳು ಬಡವರ ಪಾಲಿಗೆ ಉಳಿದಿರುವ ಬಾಗಿಲುಗಳು. ಅಲ್ಲಿ ಅಧ್ಯಾಪಕರು, ಪುಸ್ತಕ, ವಸತಿ ಯಾವುದಕ್ಕೂ ಕೊರತೆಯಾಗಕೂಡದು.

ಕೇಳಿದರೆ ಸಿಗುತ್ತದೆಯೇ ಎನ್ನಬೇಡಿ. ಓದು ಮುಗಿಸಿದವರು ವಕೀಲರಾಗಿ ನೋಂದಾಯಿಸಲು ರಾಜ್ಯದ ಪರಿಷತ್ತುಗಳು ಸಾವಿರಾರು ರೂಪಾಯಿ ತೆಗೆದುಕೊಳ್ಳುತ್ತಿದ್ದವು. ಕಾನೂನಿನಲ್ಲಿ ಬರೆದದ್ದು ಸಾಮಾನ್ಯರಿಗೆ 750, ಪರಿಶಿಷ್ಟರಿಗೆ 125 ಮಾತ್ರ. ಅದಕ್ಕಿಂತ ಹೆಚ್ಚು ಕೇಳಕೂಡದು ಎಂದು ಸುಪ್ರೀಂ ಕೋರ್ಟು 2024ರ ಜುಲೈನಲ್ಲಿ ತೀರ್ಪು ಕೊಟ್ಟಿತು. ಯಾರೋ ಪ್ರಶ್ನಿಸಿದ್ದರಿಂದ ಅದು ಆಯಿತು.

ಕೊನೆಗೆ ಒಂದು ಮಾತು. ನಾನು ಚಿಕ್ಕವನಿದ್ದಾಗ ಗೇಣಿ ಜಮೀನಿನ ವ್ಯಾಜ್ಯಕ್ಕೆಂದು ತಂದೆಯವರ ಜೊತೆ ಕೋರ್ಟಿಗೆ ಹೋಗುತ್ತಿದ್ದೆ. ಒಳಗೆ ಏನೋ ಮಾತಾಗುತ್ತಿತ್ತು. ತಂದೆ ಜಗಲಿಯಲ್ಲಿ ಕುಳಿತು, “ಏನಂದರು ಸ್ವಾಮಿ?” ಎಂದು ಗುಮಾಸ್ತನನ್ನು ಕೇಳುತ್ತಿದ್ದರು. “ನಿನಗೆ ತಿಳಿಯೋದಿಲ್ಲ, ಮುಂದಿನ ತಿಂಗಳು ಬಾ” ಎಂಬುದೇ ಉತ್ತರ. ಅವರ ಜಮೀನಿನ ಮಾತೇ ಅವರಿಗೆ ತಿಳಿಯುವಂತಿರಲಿಲ್ಲ. ಈಗ ತಾಲ್ಲೂಕು ಕೋರ್ಟಿನ ಭಾಷೆ ಕನ್ನಡ. ಆದರೂ ಆ ಜಗಲಿಯಲ್ಲಿ ಇಂದಿಗೂ ಜನ ಕುಳಿತಿದ್ದಾರೆ.

ನೀವು ಯಾವ ಬಾಗಿಲಿನಿಂದಲಾದರೂ ಒಳಗೆ ಹೋಗಿ, ಚೆನ್ನಾಗಿ ಓದಿ. ಓದಿದ ಮೇಲೆ ಎಲ್ಲರೂ ಕಂಪನಿಗಳ ಕಡೆಗೇ ನಡೆದುಬಿಡಬೇಡಿ. ಕೆಲವರಾದರೂ ಊರಿಗೆ ಬನ್ನಿ. ಜಗಲಿಯಲ್ಲಿ ಕುಳಿತವನ ಪಕ್ಕದಲ್ಲಿ ಕುಳಿತು, ಒಳಗೆ ಏನಾಯಿತೆಂದು ಅವನ ಮಾತಿನಲ್ಲಿ ಹೇಳಿ. ಅಷ್ಟು ಮಾಡಿದರೆ ನಿಮ್ಮ ವಿದ್ಯೆ ಸಾರ್ಥಕ.