ಮೂರು ದಾರಿ, ಒಂದು ಮೇಳ



ಜಾಸ್ ಎಂಬ ಹೆಸರನ್ನು ಕೇಳಿದೊಡನೆ, ಅದು ಕುಣಿತಕ್ಕೆ ಒದಗುವ ಗದ್ದಲವೆಂದು ಮೂಗು ಮುರಿಯುವವರು ಇಲ್ಲದೆ ಇಲ್ಲ. ಶಾಸ್ತ್ರಾಭ್ಯಾಸವಿಲ್ಲದವರು ಮನಬಂದಂತೆ ಬಾರಿಸುವುದೇ ಜಾಸ್ ಎಂಬ ಭಾವನೆಯೂ ಉಂಟು. ಈ ಅಭಿಪ್ರಾಯಗಳು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಪರೀಕ್ಷಿಸುವುದಕ್ಕಾಗಿ ಒಂದು ಮೇಳದ ವೃತ್ತಾಂತವನ್ನು ಈ ಹೊತ್ತು ತಮ್ಮ ಮುಂದೆ ಇಡಬೇಕೆಂದಿದ್ದೇವೆ. ಅದು ಅಮೆರಿಕಾ ದೇಶದ ನ್ಯೂಯಾರ್ಕ್ ನಗರದಲ್ಲಿ ೧೯೫೯ರ ಕೊನೆಯಲ್ಲಿ ಕೂಡಿ, ೧೯೬೧ರ ಜುಲೈ ತಿಂಗಳಲ್ಲಿ ಮುರಿದುಹೋದ ಮೇಳ. ಪಿಯಾನೋ ನುಡಿಸಿದವನು ಬಿಲ್ ಇವಾನ್ಸ್. ಆಳೆತ್ತರದ ತಂತಿವಾದ್ಯವಾದ ಡಬಲ್ ಬಾಸನ್ನು ಮೀಟಿದವನು ಸ್ಕಾಟ್ ಲಫಾರೊ. ಡ್ರಮ್ಮುಗಳನ್ನು ಬಾರಿಸಿದವನು ಪಾಲ್ ಮೋಟಿಯನ್. ಮೂವರೂ ಸಂಗೀತಕ್ಕೆ ಬಂದ ದಾರಿಗಳು ಬೇರೆ ಬೇರೆ. ಆ ದಾರಿಗಳನ್ನು ಅರಿತರೆ ಮೇಳದ ಗುಟ್ಟು ಅರ್ಧ ತಿಳಿದಂತೆಯೇ ಸರಿ.

ಇವಾನ್ಸನು ೧೯೨೯ನೆಯ ಇಸವಿಯಲ್ಲಿ ನ್ಯೂಜೆರ್ಸಿಯ ಪ್ಲೇನ್‌ಫೀಲ್ಡ್ ಪಟ್ಟಣದಲ್ಲಿ ಹುಟ್ಟಿದನು. ಚಿಕ್ಕಂದಿನಲ್ಲಿಯೇ ಪಿಯಾನೋ ಪಾಠ. ಅದರ ಜೊತೆಗೆ ಪಿಟೀಲು ಮತ್ತು ಕೊಳಲು. ಮೊಟ್ಸಾರ್ಟ್, ಬೇಥೋವನ್, ಶೂಬರ್ಟ್ ಮೊದಲಾದವರ ಕೃತಿಗಳನ್ನು ಸ್ವರಪತ್ರ ನೋಡಿದೊಡನೆ ನುಡಿಸುವುದರಲ್ಲಿ ಬಾಲಕನು ಬಹು ಚುರುಕು. ಆದರೆ ಬರೆದುದನ್ನು ಬಿಟ್ಟು ತಾನಾಗಿ ನುಡಿಸುವ ಅಭ್ಯಾಸ ಅವನಿಗಿರಲಿಲ್ಲ. ಊರಿನ ಒಂದು ಮೇಳದಲ್ಲಿ 'ಟಕ್ಸೀಡೋ ಜಂಕ್ಷನ್' ಎಂಬುದನ್ನು ನುಡಿಸುತ್ತಿದ್ದಾಗ, ಒಂದು ರಾತ್ರಿ ಕಾಗದದಲ್ಲಿಲ್ಲದ ಸಣ್ಣದೊಂದು ಸಂಗತಿಯನ್ನು ಸೇರಿಸಿಬಿಟ್ಟನು. ಬರೆಯದುದನ್ನು ನುಡಿಸಬಹುದೆಂಬ ಆ ಅರಿವೇ ತನ್ನನ್ನು ಜಾಸಿನ ಕಡೆಗೆ ಎಳೆಯಿತೆಂದು ಮುಂದೆ ಅವನು ಹೇಳಿಕೊಂಡದ್ದುಂಟು. ಹಾಗೆಂದು ಶಾಸ್ತ್ರವನ್ನು ಕೈಬಿಟ್ಟನೆ? ಇಲ್ಲ. ಲೂಯಿಸಿಯಾನಾದ ಕಾಲೇಜಿಗೆ ಕೊಳಲಿನ ವಿದ್ಯಾರ್ಥಿವೇತನದಿಂದ ಸೇರಿ, ೧೯೫೦ರಲ್ಲಿ ಪಿಯಾನೋ ವಾದನದಲ್ಲಿ ಪದವಿ ಪಡೆದನು. ಬೇಥೋವನನ ಮೂರನೆಯ ಪಿಯಾನೋ ಕನ್ಚೆರ್ಟೋವನ್ನು ಅಲ್ಲಿಯೇ ನುಡಿಸಿದನು. ಬಳಿಕ ಸೈನ್ಯದ ವಾದ್ಯಮೇಳದಲ್ಲಿ ಕೊಳಲು, ೧೯೫೫ರಿಂದ ನ್ಯೂಯಾರ್ಕಿನ ಮ್ಯಾನ್ಸ್ ಕಾಲೇಜಿನಲ್ಲಿ ಸಂಗೀತರಚನೆಯ ವ್ಯಾಸಂಗ. ೧೯೫೮ರಲ್ಲಿ ಮೈಲ್ಸ್ ಡೇವಿಸನ ಮೇಳವನ್ನು ಸೇರಿ, ಮರುವರ್ಷ 'ಕೈಂಡ್ ಆಫ್ ಬ್ಲೂ' ಎಂಬ ಪ್ರಖ್ಯಾತ ಮುದ್ರಿಕೆಯಲ್ಲಿ ಭಾಗಿಯಾದನು.

ಲಫಾರೊನ ದಾರಿ ಬೇರೆಯದು. ೧೯೩೬ರಲ್ಲಿ ಹುಟ್ಟಿ, ನ್ಯೂಯಾರ್ಕ್ ಪ್ರಾಂತದ ಜಿನೀವಾ ಎಂಬ ಪಟ್ಟಣದಲ್ಲಿ ಬೆಳೆದ ಇವನ ತಂದೆ ಪಿಟೀಲು ವಿದ್ವಾಂಸ. ಮಗನು ಮೊದಲು ಕಲಿತದ್ದು ಪಿಯಾನೋ; ಆಮೇಲೆ ಬಾಸ್ ಕ್ಲಾರಿನೆಟ್, ಅದರ ತರುವಾಯ ಸ್ಯಾಕ್ಸೋಫೋನ್. ಇಥಾಕಾ ಕಾಲೇಜಿನಲ್ಲಿ ಸಂಗೀತ ಶಿಕ್ಷಣ ಪಡೆಯುವವರು ಒಂದು ತಂತಿವಾದ್ಯವನ್ನು ಕಲಿಯಲೇಬೇಕೆಂಬ ನಿಯಮವಿತ್ತು. ಆ ಕಾರಣದಿಂದ ಹದಿನೆಂಟರ ಪ್ರಾಯದಲ್ಲಿ ಅವನು ಡಬಲ್ ಬಾಸನ್ನು ಕೈಗೆತ್ತಿಕೊಂಡನು. ನಿಯಮಕ್ಕಾಗಿ ಹಿಡಿದ ವಾದ್ಯವೇ ಅವನ ಬಾಳಾಯಿತು! ೧೯೫೫ರಲ್ಲಿ ಕಾಲೇಜನ್ನು ಬಿಟ್ಟು ಸಂಚಾರೀ ಮೇಳವೊಂದರೊಡನೆ ಹೊರಟುಹೋದನು. ಬಾಸ್ ಎಂದರೆ ಕೆಳಗಿನ ಸ್ವರಗಳಿಂದ ತಾಳಕ್ಕೆ ಆಧಾರ ಕೊಡುವ ವಾದ್ಯವೆಂಬುದು ಅಂದಿನ ರೂಢಿ. ಇವನಾದರೋ ಮೇಲಿನ ಸ್ಥಾಯಿಗೆ ಏರಿ ರಾಗಭಾವದ ಎಳೆಗಳನ್ನು ನೇಯುತ್ತಿದ್ದನು. ಊದುವ ವಾದ್ಯದಲ್ಲಿ ಮೊದಲು ಪಳಗಿದವನು ತಂತಿಯಲ್ಲಿಯೂ ಹಾಡನ್ನೇ ಹುಡುಕಿದನೆಂದು ನಮಗೆ ತೋರುತ್ತದೆ.

ಇನ್ನು ಮೋಟಿಯನ್. ೧೯೩೧ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿ ಪ್ರಾವಿಡೆನ್ಸ್ ನಗರದಲ್ಲಿ ಬೆಳೆದವನು, ಆರ್ಮೇನಿಯನ್ ಮನೆತನ. ಮನೆಯ ಗ್ರಾಮಫೋನಿನಲ್ಲಿ ಅವನು ಕೇಳಿ ಬೆಳೆದದ್ದು ಪಶ್ಚಿಮ ಏಷ್ಯಾದ ಸಂಗೀತ. ಮೊದಲು ಗಿಟಾರನ್ನು ಹಿಡಿದು, ಹನ್ನೆರಡರ ವಯಸ್ಸಿಗೆ ಡ್ರಮ್ಮಿಗೆ ಬಂದನು. ಕೊರಿಯಾ ಯುದ್ಧದ ಕಾಲದಲ್ಲಿ ನೌಕಾದಳವನ್ನು ಸೇರಿ, ಅದರ ಸಂಗೀತಶಾಲೆಯಲ್ಲಿ ವ್ಯಾಸಂಗ ಮಾಡಿದನು. ತರುವಾಯ ನ್ಯೂಯಾರ್ಕಿನಲ್ಲಿ ನೆಲೆಸಿ, ೧೯೫೬ರಲ್ಲಿ ಇವಾನ್ಸನ ಮೊದಲ ಮುದ್ರಿಕೆಗೆ ಡ್ರಮ್ಮು ನುಡಿಸಿದನು.

ಪಿಯಾನೋ ಮೇಳಗಳಲ್ಲಿ ಅದುವರೆಗೆ ಸಾಮಾನ್ಯವಾಗಿದ್ದ ಕ್ರಮವೇನು? ಪಿಯಾನೋ ಒಡೆಯ, ಉಳಿದ ಇಬ್ಬರು ಪರಿವಾರ. ಬಾಸು ನಡೆಯನ್ನು ಕಾಯಬೇಕು, ಡ್ರಮ್ಮು ಲಯವನ್ನು ಎಣಿಸಬೇಕು. ಇವಾನ್ಸನಿಗೆ ಇದು ಸಾಲದೆಂದು ತೋರಿತು. ಮೂವರೂ ಏಕಕಾಲದಲ್ಲಿ ಮನೋಧರ್ಮವನ್ನು ಬೆಳೆಸಿ, ಒಬ್ಬರ ಮಾತಿಗೆ ಮತ್ತೊಬ್ಬರು ಮರುಮಾತು ಕೊಡುವ ಸಲ್ಲಾಪವೇ ಅವನ ಬಯಕೆ. ಇದು ಬಾಯಲ್ಲಿ ಆಡುವಷ್ಟು ಸುಲಭವಲ್ಲ. ಮೂವರೂ ಒಟ್ಟಿಗೆ ಮಾತನಾಡಿದರೆ ಗದ್ದಲವಾಗದೆ ಸಂಗೀತವಾಗಬೇಕಾದರೆ, ನುಡಿಸುವುದಕ್ಕಿಂತ ಹೆಚ್ಚಾಗಿ ಕೇಳುವುದನ್ನು ಕಲಿತಿರಬೇಕು. ಪಿಟೀಲು ಕೊಳಲುಗಳನ್ನು ಬಲ್ಲ ಪಿಯಾನೋಗಾರ, ಊದುವ ವಾದ್ಯಗಳನ್ನು ಬಲ್ಲ ಬಾಸುಗಾರ, ಗಿಟಾರಿನಿಂದ ತೊಡಗಿದ ಡ್ರಮ್ಮುಗಾರ: ಒಬ್ಬೊಬ್ಬನಿಗೂ ತನ್ನದಲ್ಲದ ವಾದ್ಯದ ಕಷ್ಟಸುಖ ತಿಳಿದಿತ್ತು. ತನ್ನ ಸಂಗಡಿಗನಿಗೆ ಯಾವಾಗ ಎಡೆಮಾಡಿ ಕೊಡಬೇಕೆಂಬ ವಿವೇಕ ಅದರಿಂದಲೇ ಪುಷ್ಟಿಗೊಂಡಿತೆಂದು ಹೇಳಿದರೆ ತಪ್ಪಾಗಲಾರದು.

ಈ ಸಾಧನೆಯ ಶಿಖರ ೧೯೬೧ನೆಯ ಜೂನ್ ೨೫, ಭಾನುವಾರ. ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೆಲಮಾಳಿಗೆಯ ಸಂಗೀತಗೃಹದಲ್ಲಿ ಅಂದು ಅಪರಾಹ್ನದಿಂದ ರಾತ್ರಿಯವರೆಗೆ ಐದು ಸರತಿ ನುಡಿಸಿದರು, ಅದೆಲ್ಲವೂ ಮುದ್ರಿತವಾಯಿತು. ಅದಾದ ಹನ್ನೊಂದನೆಯ ದಿನ, ಜುಲೈ ೬ರಂದು, ಜಿನೀವಾದ ಸಮೀಪದಲ್ಲಿ ಲಫಾರೊನ ಮೋಟಾರು ಮರಕ್ಕೆ ಬಡಿದು ಅವನು ತೀರಿಕೊಂಡನು. ವಯಸ್ಸು ಇಪ್ಪತ್ತೈದು, ಬಾಸನ್ನು ಹಿಡಿದು ಏಳೇ ವರ್ಷ. ಇವಾನ್ಸನು ಎದೆಯೊಡೆದು ಕೆಲವು ತಿಂಗಳ ಕಾಲ ಸಭೆಗಳಲ್ಲಿ ನುಡಿಸುವುದನ್ನೇ ನಿಲ್ಲಿಸಿದನು. ಆ ದಿನದ ಮುದ್ರಣದಿಂದ ಹೊರಬಂದ ಮೊದಲ ತಟ್ಟೆಯು ಲಫಾರೊನದೇ ಕೃತಿಯಾದ 'ಗ್ಲೋರಿಯಾಸ್ ಸ್ಟೆಪ್' ಎಂಬುದರಿಂದ ಆರಂಭವಾಗಿ, ಅವನದೇ 'ಜೇಡ್ ವಿಷನ್ಸ್' ಎಂಬುದರಿಂದ ಮುಗಿಯುತ್ತದೆ. ಇವಾನ್ಸನು ೧೯೮೦ರಲ್ಲಿಯೂ ಮೋಟಿಯನನು ೨೦೧೧ರಲ್ಲಿಯೂ ಕಾಲವಾದರು. ಇಬ್ಬರೂ ಮುಂದೆ ಅನೇಕ ಮೇಳಗಳನ್ನು ಕಟ್ಟಿದರು. ಆದರೆ ಆ ಮೂವರ ಸಲ್ಲಾಪ ಮತ್ತೆ ನಡೆಯಲಿಲ್ಲ.

ಶ್ರೋತೃಗಳೇ, ಆ ತಟ್ಟೆಯನ್ನು ಕೇಳುವ ಅವಕಾಶ ತಮಗೆ ದೊರೆತರೆ, ಒಂದು ಸಲ ಪಿಯಾನೋವನ್ನು ಬಿಟ್ಟು ಬಾಸನ್ನು ಮಾತ್ರ ಹಿಂಬಾಲಿಸಿ; ಇನ್ನೊಂದು ಸಲ ಡ್ರಮ್ಮಿನ ಮೇಲೆ ಮೆಲ್ಲನೆ ಆಡುವ ಕುಂಚಗಳನ್ನು ಆಲಿಸಿ. ಮೂರನೆಯ ಸಲ ಮೂರನ್ನೂ ಕೂಡಿಸಿ ಕೇಳಿರಿ. ಶಾಸ್ತ್ರವನ್ನರಿತು, ಬೇಕಾದೆಡೆಯಲ್ಲಿ ಅದನ್ನು ಮೀರಿ, ಒಬ್ಬರಿಗೊಬ್ಬರು ಕಿವಿಗೊಟ್ಟವರ ಸಂಗೀತ ಅದು. ಅದನ್ನು ಗದ್ದಲವೆಂದು ಕರೆಯಲು ತಮ್ಮ ನಾಲಗೆ ಏಳಲಾರದೆಂಬುದು ನಮ್ಮ ನಂಬಿಕೆ.