ಹಾಸಿಗೆ ಹಿಡಿದಾಗ ಅಪೀಲಿನ ವಾಯಿದೆ

(ತೋಟದ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಲೂಕನ ಸುವಾರ್ತೆಯ 18ನೆಯ ಅಧ್ಯಾಯದ ವಿಧವೆಯನ್ನು ನೀವು ಬಲ್ಲಿರಿ. ಅವಳು ತಾನೇ ನ್ಯಾಯಾಧಿಪತಿಯ ಮುಂದೆ ಮತ್ತೆ ಮತ್ತೆ ನಿಂತಳು, ನ್ಯಾಯ ಪಡೆದಳು. ಆದರೆ ಆ ದಿನಗಳಲ್ಲಿ ಅವಳು ಜ್ವರದಿಂದ ಮಲಗಿದ್ದರೆ ಗತಿ ಏನು? ಇಂದು ಅದನ್ನೇ ವಿಚಾರ ಮಾಡೋಣ.

ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯ ಜನ ಕೂಲಿಗಾಗಿ ಊರು ಬಿಡುವುದು ತಲೆಮಾರುಗಳ ಕಥೆ. ಸಂಸಾರ ಲೈನ್ ಮನೆಯಲ್ಲಿ, ಹೊಲದ ಕೇಸು ಊರಿನ ಕೋರ್ಟಿನಲ್ಲಿ. ಮನೆಮಾತು ಕನ್ನಡ, ಕಾಗದ ತೆಲುಗು ಇಲ್ಲವೆ ಇಂಗ್ಲಿಷು. ವಕೀಲರಿಗೆ ಹಣವಿಲ್ಲದೆ ತಾವೇ ಪೇಶಿಗೆ ನಿಲ್ಲುವವರಿದ್ದಾರೆ. ತೀರ್ಪು ವಿರುದ್ಧವಾಗುತ್ತದೆ, ಅದೇ ವಾರ ಕಾಯಿಲೆ ಬೀಳುತ್ತದೆ. "ಗುಣವಾದ ಮೇಲೆ ನೋಡೋಣ" ಎನ್ನುತ್ತೇವೆ. ಹೊಲ ಕೈಬಿಡುವುದು ಅಲ್ಲೇ.

ಕಾಯಿಲೆಯಾಯಿತೆಂದು ವಾಯಿದೆ ನಿಲ್ಲದು. ಕೊರೊನಾ ಕಾಲದಲ್ಲಿ, 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರ ವರೆಗೆ, ಸುಪ್ರೀಂ ಕೋರ್ಟು ಆ ದಿನಗಳನ್ನು ಎಣಿಕೆಯಿಂದಲೇ ತೆಗೆಯಿತು. ಅದು ದೇಶಕ್ಕೆಲ್ಲ ಬಂದ ಕಾಯಿಲೆ. ಒಬ್ಬನ ಕಾಯಿಲೆಗೆ ಆ ಸೌಲಭ್ಯ ತಾನಾಗಿ ಬರುವುದಿಲ್ಲ, ಕೇಳಿ ಪಡೆಯಬೇಕು.

1963ರ ಲಿಮಿಟೇಶನ್ ಕಾಯಿದೆಯಂತೆ ಸಿವಿಲ್ ತೀರ್ಪಿನ ಮೇಲೆ ಹೈಕೋರ್ಟಿಗೆ ಹೋಗಲು 90 ದಿನ, ಅದಕ್ಕಿಂತ ಕೆಳಗಿನ ಅಪೀಲು ಕೋರ್ಟಿಗೆ 30 ದಿನ. ತೀರ್ಪಿನ ದಿನ ಎಣಿಕೆಗಿಲ್ಲ. ಜೂನ್ 1ಕ್ಕೆ ತೀರ್ಪಾದರೆ 30ನೆಯ ದಿನ ಜುಲೈ 1. ಆ ದಿನ ಕೋರ್ಟಿಗೆ ರಜೆಯಿದ್ದರೆ ತೆರೆದ ದಿನವೇ ಕೊಡಬೇಕು. ದೃಢೀಕೃತ ನಕಲಿಗೆ ಅರ್ಜಿ ಹಾಕಿ ಅದು ಸಿದ್ಧವಾಗುವ ತನಕದ ದಿನಗಳನ್ನೂ ಕಳೆಯುತ್ತಾರೆ. ಅರ್ಜಿಯನ್ನೇ ಹಾಕದೆ ಕುಳಿತ ದಿನಗಳನ್ನು ಕಳೆಯುವುದಿಲ್ಲ. ಆದ್ದರಿಂದ ತೀರ್ಪು ಬಂದ ದಿನವೇ ನಕಲಿಗೆ ಅರ್ಜಿ ಹಾಕಿರಿ. ಬೇರೆ ಕಾಯಿದೆಗಳ ಕೇಸುಗಳಿಗೆ ಬೇರೆ ವಾಯಿದೆ ಇರಬಹುದು, ಅಂದೇ ಕೇಳಿ ಬರೆದುಕೊಳ್ಳಿರಿ.

ವಾಯಿದೆ ಮೀರಿದ್ದರೂ ಎದೆಗುಂದಬೇಡಿರಿ. ಅದೇ ಕಾಯಿದೆಯ 5ನೆಯ ಕಲಮಿನಂತೆ, ತಕ್ಕ ಕಾರಣ ತೋರಿಸಿದರೆ ಕೋರ್ಟು ತಡವನ್ನು ಮನ್ನಿಸಬಹುದು. ಬೇಕೆಂದೇ ತಡಮಾಡಿ ಯಾರಿಗೂ ಲಾಭವಾಗದು, ಇಂಥ ಅರ್ಜಿಗಳನ್ನು ಉದಾರವಾಗಿ ನೋಡಬೇಕು ಎಂದು ಸುಪ್ರೀಂ ಕೋರ್ಟು 1987ರಲ್ಲಿ ಕಾತಿಜಿ ಎಂಬವರ ಕೇಸಿನಲ್ಲಿ ಹೇಳಿತು. ಆದರೆ ಇದು ಹಕ್ಕಲ್ಲ, ಕೋರ್ಟಿನ ವಿವೇಚನೆ. ಅಪೀಲಿನ ಜೊತೆಯಲ್ಲೇ ಅರ್ಜಿಯನ್ನೂ ಅಫಿಡವಿಟ್ಟನ್ನೂ ಕೊಡಬೇಕು. "ಮೈ ಸರಿ ಇರಲಿಲ್ಲ" ಎಂದರೆ ಸಾಲದು. ಯಾವ ದಿನ ಹಾಸಿಗೆ ಹಿಡಿದಿರಿ, ಯಾವ ದಿನ ಎದ್ದಿರಿ ಎಂದು ಬರೆಯಿರಿ. ಆಸ್ಪತ್ರೆಯ ಚೀಟಿ, ಡಿಸ್ಚಾರ್ಜ್ ಕಾಗದ ಜೋಡಿಸಿರಿ. ಹಣ ಕೊಟ್ಟು ಸುಳ್ಳು ಸರ್ಟಿಫಿಕೇಟು ತರಬೇಡಿರಿ. ಆಣೆಮಾಡಿ ಸುಳ್ಳಾಡಿದರೆ ಕೇಸೂ ಕೆಡುತ್ತದೆ, ಸಾಕ್ಷಿಯೂ ಕೆಡುತ್ತದೆ.

ಇನ್ನೊಂದು ಮಾತು. ಅಪೀಲು ಹಾಕಿದ ಮಾತ್ರಕ್ಕೆ ಹೊಲ ಬಿಡಿಸುವುದು ನಿಲ್ಲದು. ಅದಕ್ಕೆ ತಡೆಯಾಜ್ಞೆಯನ್ನು ಬೇರೆಯಾಗಿ ಕೇಳಬೇಕು.

ಮಾರ್ಕನ ಸುವಾರ್ತೆಯ 2ನೆಯ ಅಧ್ಯಾಯದ ಪಾರ್ಶ್ವವಾಯು ರೋಗಿ ತಾನಾಗಿ ಯೇಸುವಿನ ಬಳಿಗೆ ಬರಲಾರದೆ ಹೋದ. ನಾಲ್ವರು ಹೊತ್ತು ತಂದರು. ಬಾಗಿಲಲ್ಲಿ ಜನ ಕಿಕ್ಕಿರಿದಿದ್ದರೆ ಮಾಳಿಗೆ ತೆಗೆದು ಇಳಿಸಿದರು. ಮಲಗಿದವರ ಕಾಗದ ಹೊರುವುದೂ ಅಂಥದೇ ಸೇವೆ. ಪವರ್ ಆಫ್ ಅಟಾರ್ನಿ ಬರೆದುಕೊಟ್ಟರೆ ಹೆಂಡತಿಯೋ ಮಗನೋ ಕಾಗದ ಸಲ್ಲಿಸಬಹುದು. ಜಡ್ಜರ ಮುಂದೆ ವಾದಿಸಲು ಮಾತ್ರ ಕೋರ್ಟಿನ ಅನುಮತಿ ಬೇಕು. 1987ರ ಕಾನೂನು ಸೇವಾ ಕಾಯಿದೆಯಂತೆ ಹೆಂಗಸರಿಗೆ, ವರಮಾನ ಕಡಿಮೆಯವರಿಗೆ ಉಚಿತ ವಕೀಲರಿದ್ದಾರೆ. 15100ಕ್ಕೆ ಫೋನ್ ಮಾಡಿ ಕೇಳಿರಿ.

ಪ್ರತಿ ಕೂಟದಲ್ಲಿ ಒಬ್ಬರು ಒಂದು ನೋಟುಬುಕ್ಕು ಇಡಲಿ. ಯಾರ ಕೇಸು, ಯಾವ ಕೋರ್ಟು, ಕಡೆಯ ದಿನ ಯಾವುದು ಎಂದು ಬರೆದಿಡಲಿ. ಕಾಯಿಲೆಯವರಿಗಾಗಿ ಪ್ರಾರ್ಥಿಸಿ ಏಳುವ ಮೊದಲು ಆ ಪುಟವನ್ನೂ ಓದಲಿ. ಕರ್ತನು ನಿಮ್ಮನ್ನು ಆಶೀರ್ವದಿಸಲಿ. ಆಮೆನ್.